ಬಿದ್ದು ಹೋಗುವ ಹಲ್ಲಿಗೆ ಅಷ್ಟು ದುಡ್ಡು ಯಾಕೆ?

ಮಕ್ಕಳ ಹಲ್ಲು: ಓದುಗರ ಪ್ರಶ್ನೆಗೆ ದಂತವೈದ್ಯೆಯ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗಳಿಗೆ ಐದು ವರ್ಷ ಮೂರು ತಿಂಗಳು. ಎರಡು ತಿಂಗಳಿಂದ ಎಡಗಡೆ ಅಗಿಯುವಾಗ ಊಟ ಸಿಕ್ಕಿಕೊಂಡು ನೋಯುತ್ತದೆ ಅಂತಾಳೆ. ಬಾಯಿ ಮುಕ್ಕಳಿಸಿ, ಸಿಕ್ಕಿದ್ದನ್ನು ತೆಗೆದರೆ ಸುಮ್ಮನಾಗುತ್ತಾಳೆ. ರಾತ್ರಿ ಎದ್ದು ಅತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದೆವು. ಮೂರು ದವಡೆ ಹಲ್ಲು ಹುಳುಕಾಗಿದೆ, ಮೇಲಿನ ನಾಲ್ಕು ಮುಂದಿನ ಹಲ್ಲುಗಳಲ್ಲೂ ಕಂದು ಕಲೆ ಇದೆ ಎಂದರು. ಚಿಕಿತ್ಸೆಗೆ ಕೊಟ್ಟ ತಾರೀಕು ನಾಲ್ಕು ತಿಂಗಳ ಆಚೆ. ಖಾಸಗಿ ಕ್ಲಿನಿಕ್‌ನಲ್ಲಿ ಈ ವಾರವೇ ಶುರು ಮಾಡೋಣ ಎಂದು ಪಟ್ಟಿ ಬರೆದುಕೊಟ್ಟರು: ಒಂದು ದವಡೆ ಹಲ್ಲಿಗೆ ನರದ ಚಿಕಿತ್ಸೆ ಮತ್ತು ಕ್ಯಾಪ್, ಎರಡಕ್ಕೆ ಫಿಲ್ಲಿಂಗ್, ಮುಂದಿನ ನಾಲ್ಕಕ್ಕೆ ಬಿಳಿ ಕ್ಯಾಪ್, ಕೊನೆಗೆ ಫ್ಲೋರೈಡ್. ಅಷ್ಟು ಹಣ ಕೊಡಬೇಕಾದರೆ ಚಿಕ್ಕ ಮಗನಿಗೆಂದು ಇಟ್ಟ ಉಳಿತಾಯ ಮುರಿಯಬೇಕು. ‘ಹಾಲು ಹಲ್ಲು ತಾನೇ, ಹೇಗೂ ಬಿದ್ದು ಹೋಗುತ್ತೆ, ಅದಕ್ಕೆ ಯಾಕೆ ಅಷ್ಟು ದುಡ್ಡು?’ ಎಂದು ಅತ್ತೆ ಕೇಳುತ್ತಾರೆ. ಯಜಮಾನರು ನೀನೇ ಯೋಚಿಸಿ ಹೇಳು ಅಂದಿದ್ದಾರೆ. ದುಡ್ಡಿನ ಮುಖ ನೋಡಿದರೆ ನಾನು ಕೆಟ್ಟ ತಾಯಿ ಆಗ್ತೀನಾ?
— ಇಬ್ಬರು ಮಕ್ಕಳ ತಾಯಿ

ಉತ್ತರ: ಕೊನೆಯ ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಖಂಡಿತ ಇಲ್ಲ. ದುಡ್ಡು ಎಲ್ಲಿ ಹಾಕಬೇಕು ಎಂದು ಯೋಚಿಸುವ ತಾಯಿ ಇಬ್ಬರು ಮಕ್ಕಳನ್ನೂ ನೋಡುತ್ತಿದ್ದಾಳೆ. ಹುಳುಕಿಗೂ ನಾಚಿಕೆ ಪಡಬೇಡಿ. ಪ್ರಪಂಚದಲ್ಲಿ ಸುಮಾರು 51 ಕೋಟಿ ಮಕ್ಕಳಿಗೆ ಹಾಲು ಹಲ್ಲಿನ ಹುಳುಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತ್ತು.

ನಾನು ಹನ್ನೆರಡು ವರ್ಷ ಸರ್ಕಾರಿ ಆಸ್ಪತ್ರೆಯ ಮಕ್ಕಳ ದಂತ ವಿಭಾಗದಲ್ಲಿದ್ದೆ. ಆಮೇಲೆ ಒಂಬತ್ತು ವರ್ಷದಿಂದ ಖಾಸಗಿಯಲ್ಲಿದ್ದೇನೆ. ಎರಡೂ ಕಡೆ ಒಳ್ಳೆಯ ಕೈಗಳನ್ನು ನೋಡಿದ್ದೇನೆ, ಅವಸರದ ಕೈಗಳನ್ನೂ ನೋಡಿದ್ದೇನೆ. ನನ್ನ ಮಗನ ದವಡೆ ಹಲ್ಲಿಗೆ ಸರ್ಕಾರಿ ಆಸ್ಪತ್ರೆಯಲ್ಲಿದ್ದ ನನ್ನ ಹಿರಿಯರೊಬ್ಬರು ಫಿಲ್ಲಿಂಗ್ ಮಾಡಿದ್ದರು. ಅವನಿಗೆ ಹನ್ನೊಂದಾದಾಗ ಆ ಹಲ್ಲು ತಾನಾಗಿ ಬಿತ್ತು. ಫಿಲ್ಲಿಂಗ್ ಅಲ್ಲಾಡಿರಲಿಲ್ಲ. ಆ ಹಲ್ಲನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದೇನೆ. ದುಡ್ಡು ಕೊಟ್ಟರೇ ಕೆಲಸ ಚೆನ್ನಾಗಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ಆ ಹಲ್ಲು ನೆನಪಾಗುತ್ತದೆ.

ಹಾಗಾದರೆ ಖಾಸಗಿಯಲ್ಲಿ ದುಡ್ಡು ಕೊಟ್ಟು ನೀವು ಕೊಳ್ಳುವುದು ಏನು? ಹೆಚ್ಚಾಗಿ, ಸಮಯ. ಕಾಯುವ ತಿಂಗಳುಗಳನ್ನು ಕೊಳ್ಳುತ್ತೀರಿ. ಕುರ್ಚಿಯಲ್ಲಿ ಮಗುವಿಗೆ ಸಿಗುವ ಹೆಚ್ಚಿನ ಹತ್ತು ನಿಮಿಷವನ್ನು ಕೊಳ್ಳುತ್ತೀರಿ. ಈ ಸಮಯ ಕೆಲವು ಹಲ್ಲಿಗೆ ಬೇಕೇ ಬೇಕು, ಕೆಲವಕ್ಕೆ ಬೇಡ. ಅದಕ್ಕೇ ನಿಮ್ಮ ಪಟ್ಟಿಯನ್ನು ಒಟ್ಟು ಮೊತ್ತವಾಗಿ ನೋಡಬೇಡಿ. ಒಂದೊಂದು ಹಲ್ಲಾಗಿ ಬಿಡಿಸಿ ನೋಡೋಣ.

ಅತ್ತೆಯವರ ಮಾತು ಅರ್ಧ ಸರಿ. ಮೇಲಿನ ಮುಂದಿನ ನಾಲ್ಕು ಹಾಲು ಹಲ್ಲು ಸಾಮಾನ್ಯವಾಗಿ ಆರರಿಂದ ಎಂಟು ವರ್ಷದೊಳಗೆ ಬೀಳುತ್ತವೆ. ನಿಮ್ಮ ಮಗಳಿಗೆ ಆಗಲೇ ಐದು ದಾಟಿದೆ. ನೋವಿಲ್ಲ, ವಸಡಿನಲ್ಲಿ ಕೀವಿಲ್ಲ, ಬರೀ ಕಂದು ಕಲೆ ಇದೆ ಎಂದಾದರೆ ಆ ನಾಲ್ಕಕ್ಕೆ ಬಿಳಿ ಕ್ಯಾಪ್ ಹಾಕಿಸಲು ಉಳಿತಾಯ ಮುರಿಯುವುದು ನನಗೆ ಒಪ್ಪಿಗೆಯಿಲ್ಲ. ಹುಳುಕು ಮುಂದೆ ಹೋಗದಂತೆ ಅಲ್ಲೇ ನಿಲ್ಲಿಸಿದರೆ ಸಾಕು. ಅದಕ್ಕೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಇದೆ. ಸೂಜಿ ಇಲ್ಲ, ಡ್ರಿಲ್ ಇಲ್ಲ. ಸಣ್ಣ ಬ್ರಷ್‌ನಿಂದ ಹಚ್ಚುತ್ತಾರೆ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ಹಚ್ಚಿದ ಹುಳುಕು ಕಪ್ಪಾಗುತ್ತದೆ, ಅದು ಬಿಳಿಯಾಗುವುದಿಲ್ಲ. ಮುಂದಿನ ಹಲ್ಲಿನಲ್ಲಿ ಕಪ್ಪು ಕಾಣುವುದು ಕೆಲವು ಮನೆಗಳಲ್ಲಿ ಬೇಸರ ತರುತ್ತದೆ. ಹೊರಗಿನವರು ಏನಾದರೂ ಅಂದರೆ ಮಗುವೂ ಮುದುಡುತ್ತದೆ. ಆದ್ದರಿಂದ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ದ್ರವವನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಿಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಇದನ್ನು ಹಚ್ಚಲು ನಾಲ್ಕು ತಿಂಗಳ ಪಾಳಿ ಬೇಕಿಲ್ಲ.

ದವಡೆ ಹಲ್ಲಿನ ವಿಷಯದಲ್ಲಿ ಮಾತ್ರ ಅತ್ತೆಯವರಿಗೆ ನೀವು ಸಮಾಧಾನವಾಗಿ ವಿವರಿಸಬೇಕು. ಹಾಲು ದವಡೆ ಹಲ್ಲು ಬೀಳುವುದು ಒಂಬತ್ತರಿಂದ ಹನ್ನೆರಡು ವರ್ಷದ ನಡುವೆ. ಅಂದರೆ ನಿಮ್ಮ ಮಗಳು ಇನ್ನೂ ನಾಲ್ಕರಿಂದ ಏಳು ವರ್ಷ ಅದೇ ಹಲ್ಲಿನಲ್ಲಿ ಅಗಿಯಬೇಕು. ಅಷ್ಟು ಕಾಲ ನೋವು ಸಹಿಸಿಕೊಂಡಿರು ಅಂತ ಮಗುವಿಗೆ ಹೇಳಲಾಗುವುದಿಲ್ಲ ಅಲ್ವಾ? ಇನ್ನೊಂದು ಕಾರಣ ಇದೆ. ಆರನೇ ವರ್ಷದ ಸುಮಾರಿಗೆ ಕೊನೆಯ ಹಾಲು ಹಲ್ಲಿನ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಮುಂದಿರುವ ಹಾಲು ಹಲ್ಲನ್ನು ಅದಕ್ಕೆ ಮೊದಲೇ ಕಿತ್ತರೆ ಈ ದೊಡ್ಡ ಹಲ್ಲು ಮುಂದಕ್ಕೆ ಜರುಗುತ್ತದೆ. ಹತ್ತು ಹನ್ನೆರಡನೇ ವರ್ಷದಲ್ಲಿ ಬರಬೇಕಾದ ಹಲ್ಲಿಗೆ ಆಗ ಜಾಗ ಇರುವುದಿಲ್ಲ. ಜಾಗ ಕಾಯಲು ಸ್ಪೇಸ್ ಮೇಂಟೇನರ್ ಎಂಬ ತಂತಿ ಹಾಕುತ್ತಾರೆ, ಅದಕ್ಕೂ ಖರ್ಚು, ಅದಕ್ಕೂ ಓಡಾಟ.

ಕಾಯುವುದರ ಬೆಲೆ ನನಗೆ ಗೊತ್ತಾದದ್ದು ಆಸ್ಪತ್ರೆಯ ರಿಜಿಸ್ಟರ್‌ನಿಂದ. ‘ಫಿಲ್ಲಿಂಗ್’ ಎಂದು ನನ್ನ ಕೈಯಾರೆ ಬರೆದು ತಾರೀಕು ಕೊಟ್ಟ ಮಕ್ಕಳು ಐದು ತಿಂಗಳ ಮೇಲೆ ಬಂದಾಗ, ಅದೇ ಸಾಲಿನಲ್ಲಿ ಫಿಲ್ಲಿಂಗ್ ಹೊಡೆದುಹಾಕಿ ‘ಕೀಳುವುದು’ ಎಂದು ಬರೆಯಬೇಕಾಗುತ್ತಿತ್ತು. ಹೀಗೆ ತಿದ್ದಿದ ಸಾಲುಗಳು ಪುಟಕ್ಕೆ ಮೂರೋ ನಾಲ್ಕೋ ಇರುತ್ತಿದ್ದವು. ತಪ್ಪು ಆ ತಾಯಂದಿರದ್ದಲ್ಲ, ಕುರ್ಚಿಗಳೇ ಕಡಿಮೆ ಇದ್ದವು. ಹಾಲು ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ತುಂಬ ತೆಳು, ಶಾಶ್ವತ ಹಲ್ಲಿನದರ ಸುಮಾರು ಅರ್ಧ. ಒಳಗಿನ ನರ ಹಲ್ಲಿನ ಅಳತೆಗೆ ದೊಡ್ಡದು. ಅದಕ್ಕೇ ಹುಳುಕು ಬೇಗ ಒಳಗೆ ಇಳಿಯುತ್ತದೆ.

ಈಗ ನಿಮ್ಮ ಮಗಳ ಎಡಗಡೆ ಹಲ್ಲು. ಊಟ ಸಿಕ್ಕಾಗ ಮಾತ್ರ ನೋವು, ತೆಗೆದರೆ ಹೋಗುತ್ತದೆ, ರಾತ್ರಿ ನಿದ್ದೆ ಕೆಟ್ಟಿಲ್ಲ. ಇವು ನರ ಇನ್ನೂ ಉಳಿದಿರಬಹುದು ಎನ್ನುವ ಲಕ್ಷಣಗಳು. ತಾನಾಗಿ ಬರುವ ನೋವು, ರಾತ್ರಿ ಎಬ್ಬಿಸುವ ನೋವು, ವಸಡಿನ ಮೇಲೆ ಸಣ್ಣ ಗುಳ್ಳೆ, ಇವು ನರ ಸೋತಿದೆ ಎನ್ನುವ ಲಕ್ಷಣಗಳು. ಬಾಯಿ ನೋಡದೆ ನಾನು ತೀರ್ಪು ಕೊಡುವುದಿಲ್ಲ, ಆ ಹಲ್ಲಿನ ಎಕ್ಸ್‌ರೇ ಬೇಕು. ಖಾಸಗಿಯವರು ಎಕ್ಸ್‌ರೇ ತೆಗೆದಿದ್ದರೆ ಕೇಳಿ ಪಡೆಯಿರಿ. ತೆಗೆಯದೆಯೇ ನರದ ಚಿಕಿತ್ಸೆ ಬರೆದಿದ್ದರೆ, ಮೊದಲು ತೆಗೆಯಿರಿ ಎಂದು ಹೇಳಿ. ನರಕ್ಕೆ ತಾಗಿಲ್ಲ ಎಂದು ಕಂಡರೆ ಕೆಲಸ ಹಗುರವಾಗುತ್ತದೆ. ಹುಳುಕನ್ನು ಕೊರೆಯದೆ, ಮರಗಟ್ಟಿಸುವ ಸೂಜಿ ಕೊಡದೆ, ಹಲ್ಲಿನ ಮೇಲೆ ಸ್ಟೀಲ್ ಕ್ಯಾಪ್ ಕೂರಿಸಿ ಮುಚ್ಚುವ ವಿಧಾನ ಇದೆ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಇದನ್ನು ವರ್ಷಗಟ್ಟಲೆ ಮಾಡಿದ್ದರು. ಅವರ ದಾಖಲೆಗಳ ಫಲಿತಾಂಶ 2006ರಲ್ಲಿ ಪ್ರಕಟವಾದ ಮೇಲೆ ಇದಕ್ಕೆ ‘ಹಾಲ್ ತಂತ್ರ’ ಎಂಬ ಹೆಸರು ನಿಂತಿತು. ಒಳಗೆ ಉಳಿದ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗುವುದಿಲ್ಲ, ಹುಳುಕು ನಿಲ್ಲುತ್ತದೆ. ಹಲ್ಲು ಬೀಳುವ ಕಾಲಕ್ಕೆ ಕ್ಯಾಪೂ ಅದರ ಜೊತೆ ಬೀಳುತ್ತದೆ. ಬಣ್ಣ ಬೆಳ್ಳಿಯಂತೆ ಕಾಣುತ್ತದೆ. ನನ್ನ ಹತ್ತಿರ ಬರುವ ಮಕ್ಕಳು ಹೆಚ್ಚಿನವರು ಅದನ್ನು ಹೆಮ್ಮೆಯಿಂದ ತೋರಿಸಿಕೊಂಡು ಓಡಾಡುತ್ತಾರೆ. ಬೇಸರ ಪಡುವವರು ದೊಡ್ಡವರೇ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಆ ಒಂದು ಎಡಗಡೆ ಹಲ್ಲಿಗೆ ಖಾಸಗಿಯಲ್ಲಿ ದುಡ್ಡು ಕೊಡುತ್ತಿದ್ದೆ, ಈ ತಿಂಗಳೇ. ಮಿಕ್ಕ ಎರಡು ದವಡೆ ಹಲ್ಲು ಎಷ್ಟು ಆಳಕ್ಕೆ ಹೋಗಿವೆ ಎಂದು ಕೇಳುತ್ತಿದ್ದೆ. ಮೇಲ್ಮೇಲಿನ ಹುಳುಕಾದರೆ ಫ್ಲೋರೈಡ್ ವಾರ್ನಿಷ್ ಅಥವಾ ಹುಳುಕನ್ನು ಕಪ್ಪಾಗಿಸುವ ಆ ದ್ರವ ಹಚ್ಚಿಸಿ, ಸರ್ಕಾರಿ ಆಸ್ಪತ್ರೆಯ ತಾರೀಕಿಗೆ ಕಾಯುತ್ತಿದ್ದೆ. ಆ ತಾರೀಕನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಖಾಸಗಿಗೆ ಹೋದೆವಲ್ಲ ಎಂದು ಸುಮ್ನೆ ರದ್ದು ಮಾಡುವವರನ್ನು ತುಂಬ ನೋಡಿದ್ದೇನೆ. ಹತ್ತು ದಿನಕ್ಕೊಮ್ಮೆ ಫೋನ್ ಮಾಡಿ ‘ಯಾರಾದರೂ ಬಾರದಿದ್ದರೆ ನಮಗೆ ಹೇಳಿ’ ಎಂದು ಕೇಳಿ. ನಾವು ಹಾಗೆ ಕೇಳಿದವರ ಹೆಸರನ್ನು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿಕೊಳ್ಳುತ್ತಿದ್ದೆವು. ಹತ್ತಿರದಲ್ಲಿ ದಂತವೈದ್ಯ ಕಾಲೇಜು ಇದ್ದರೆ ಅದನ್ನೂ ವಿಚಾರಿಸಿ. ಅಲ್ಲಿ ಕಲಿಯುವವರು ಮಾಡುತ್ತಾರೆ, ಪಕ್ಕದಲ್ಲಿ ಗುರುಗಳು ನಿಂತಿರುತ್ತಾರೆ. ನಿಧಾನ ಆಗುತ್ತದೆ, ಹೊರಗಿಗಿಂತ ಕಡಿಮೆ ದುಡ್ಡಿನಲ್ಲಿ ಆಗುತ್ತದೆ.

ಪಟ್ಟಿ ಕೊಟ್ಟ ಡಾಕ್ಟರ್ ಮುಂದೆ ಕೂತು ಒಂದು ಪ್ರಶ್ನೆ ಕೇಳಲು ಸಂಕೋಚ ಬೇಡ: ‘ಈ ಹಲ್ಲಿಗೆ ಈಗ ಏನೂ ಮಾಡದೆ ಮೂರು ತಿಂಗಳು ಬಿಟ್ಟರೆ ಏನಾಗುತ್ತದೆ?’ ಪ್ರತಿ ಹಲ್ಲಿಗೂ ಬೇರೆ ಉತ್ತರ ಬರಬೇಕು. ಏಳು ಹಲ್ಲಿಗೂ ಒಂದೇ ಉತ್ತರ ಬಂದರೆ ಇನ್ನೊಬ್ಬರಿಗೆ ತೋರಿಸಿ.

ಈ ನಡುವೆ ಮುಖ ಊದಿಕೊಂಡರೆ, ಜ್ವರ ಬಂದರೆ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಯಾವ ತಾರೀಕಿಗೂ ಕಾಯಬೇಡಿ. ಸರ್ಕಾರಿಯೋ ಖಾಸಗಿಯೋ, ಹತ್ತಿರದ ಆಸ್ಪತ್ರೆಗೆ ಅದೇ ದಿನ ಹೋಗಿ. ರಾತ್ರಿಯಾಗಿದ್ದರೆ ರಾತ್ರಿಯೇ.

ಪ್ರಶ್ನೆ: ಶಾಲೆಯಲ್ಲಿ ನಡೆದ ಉಚಿತ ತಪಾಸಣೆಯಲ್ಲಿ ನನ್ನ ಆರು ವರ್ಷದ ಮಗನಿಗೆ ಒಂದು ಹುಳುಕು ಎಂದರು. ಖಾಸಗಿ ಕ್ಲಿನಿಕ್‌ನಲ್ಲಿ ಐದು ಎನ್ನುತ್ತಾರೆ. ದುಡ್ಡಿಗಾಗಿ ಹೇಳುತ್ತಿದ್ದಾರಾ? ಯಾರನ್ನು ನಂಬಲಿ?
— ಒಬ್ಬ ತಂದೆ

ಉತ್ತರ: ಇಬ್ಬರೂ ನಿಜ ಹೇಳಿರಬಹುದು. ಶಾಲೆಯ ಬೆಂಚಿನ ಮೇಲೆ ಟಾರ್ಚ್ ಹಿಡಿದು ನೋಡಿದಾಗ ಹಲ್ಲಿನ ಮೇಲ್ಭಾಗ ಮಾತ್ರ ಕಾಣುತ್ತದೆ. ನಾನೂ ಅಂಥ ತಪಾಸಣೆಗೆ ಹೋಗಿದ್ದೇನೆ, ಒಂದು ಮಗುವಿಗೆ ಒಂದು ನಿಮಿಷವೂ ಸಿಗುತ್ತಿರಲಿಲ್ಲ. ಈ ವಯಸ್ಸಿನಲ್ಲಿ ದವಡೆ ಹಲ್ಲುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಎರಡು ಹಲ್ಲಿನ ಸಂದಿಯಲ್ಲಿ ಶುರುವಾಗುವ ಹುಳುಕು ಕಣ್ಣಿಗೆ ಬೀಳುವುದು ಕಷ್ಟ, ಕಚ್ಚಿ ಹಿಡಿದು ತೆಗೆಯುವ ಸಣ್ಣ ಎಕ್ಸ್‌ರೇಯಲ್ಲಿ ಕಾಣುತ್ತದೆ. ಕ್ಲಿನಿಕ್‌ನವರು ಎಕ್ಸ್‌ರೇ ತೋರಿಸಿ ‘ಇಲ್ಲಿ ನೋಡಿ, ಕಪ್ಪು ನೆರಳು’ ಎಂದಿದ್ದರೆ ನನಗೆ ಅನುಮಾನವಿಲ್ಲ. ಏನೂ ತೋರಿಸದೆ ಐದು ಎಂದಿದ್ದರೆ ತೋರಿಸಿ ಎಂದು ಕೇಳಿ. ನೆರಳು ಎನಾಮಲ್‌ನಲ್ಲೇ ನಿಂತಿದ್ದರೆ ಫ್ಲೋರೈಡ್ ವಾರ್ನಿಷ್, ಒಳ್ಳೆಯ ಬ್ರಷಿಂಗ್ ಸಾಕಾಗುತ್ತದೆ. ಕೊರೆಯುವ ಅವಸರ ಬೇಡ. ಎನಾಮಲ್ ದಾಟಿದ್ದರೆ ಚಿಕಿತ್ಸೆ ಬೇಕು.

ನಿಮ್ಮ ಮಗನಿಗೆ ಆರು ಎಂದಿರಿ. ಕೊನೆಯ ಹಾಲು ಹಲ್ಲಿನ ಹಿಂದೆ ಹೊಸ ಹಲ್ಲು ಬಂದಿದೆಯಾ ಎಂದು ಬೆಳಕಿನಲ್ಲಿ ನೋಡಿ. ಆ ಜಾಗದಲ್ಲಿ ಯಾವ ಹಲ್ಲೂ ಬಿದ್ದಿರುವುದಿಲ್ಲ. ಹಾಗಾಗಿ ಅದೂ ಹಾಲು ಹಲ್ಲೇ ಎಂದು ಎಷ್ಟೋ ಜನ ತಿಳಿಯುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಅದರ ಮೇಲಿನ ಗೆರೆಗಳು ಆಳವಾಗಿದ್ದರೆ ಸೀಲಂಟ್ ಎಂಬ ತೆಳು ಲೇಪ ಹಾಕಿ ಮುಚ್ಚಿಸಬಹುದು. ಇಡೀ ಬಾಯಲ್ಲಿ ಒಂದೇ ಒಂದು ಕೆಲಸಕ್ಕೆ ದುಡ್ಡಿದೆ ಎಂದು ನೀವು ಹೇಳಿದರೆ, ನೋವಿರುವ ಹಲ್ಲಿನ ನಂತರ ನಾನು ಬೆರಳು ತೋರಿಸುವುದು ಈ ಸೀಲಂಟ್ ಕಡೆಗೆ.

ಪ್ರಶ್ನೆ: ಮೂರೂವರೆ ವರ್ಷದ ಮೊಮ್ಮಗನಿಗೆ ಹನ್ನೊಂದು ಹಲ್ಲು ಹುಳುಕಾಗಿದೆ. ಕುರ್ಚಿ ನೋಡಿದರೇ ಕಿರುಚುತ್ತಾನೆ. ಖಾಸಗಿ ಆಸ್ಪತ್ರೆಯವರು ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ದಿನ ಎಲ್ಲ ಮುಗಿಸೋಣ ಎನ್ನುತ್ತಾರೆ. ಖರ್ಚು ಬಹಳ. ಹೆದರಿಕೆಯೂ ಇದೆ. ಹಿಡಿದುಕೊಂಡು ಮಾಡಿಸಿದರೆ ಆಗದೇ?
— ಅಜ್ಜಿ

ಉತ್ತರ: ಅಮ್ಮಾ, ದಯವಿಟ್ಟು ಹಿಡಿದುಕೊಂಡು ಮಾಡಿಸಬೇಡಿ. ಹನ್ನೊಂದು ಹಲ್ಲಿಗೆ ಆರೇಳು ಸಲ ಕೈಕಾಲು ಒತ್ತಿ ಹಿಡಿಯಬೇಕಾಗುತ್ತದೆ. ಹಾಗೆ ಹಿಡಿಸಿಕೊಂಡ ಮಕ್ಕಳು ದೊಡ್ಡವರಾಗಿ, ನಲವತ್ತರ ವಯಸ್ಸಿನಲ್ಲಿ, ಕೀವು ತುಂಬಿದ ಮೇಲೆ ನನ್ನ ಬಳಿ ಬರುತ್ತಾರೆ. ಯಾಕೆ ಇಷ್ಟು ತಡ ಮಾಡಿದಿರಿ ಎಂದರೆ ಚಿಕ್ಕಂದಿನ ಆ ದಿನವನ್ನು ಹೇಳುತ್ತಾರೆ. ಕೋಣೆಯ ಬಣ್ಣ ಸಮೇತ ನೆನಪಿರುತ್ತದೆ.

ಮೊದಲು ಹನ್ನೊಂದನ್ನು ಕಡಿಮೆ ಮಾಡಲಾಗುತ್ತದೆಯೇ ಕೇಳಿ. ಕೀವು, ನೋವು ಇರುವ ಹಲ್ಲುಗಳು ಎಷ್ಟು? ಎರಡೋ ಮೂರೋ ಆಗಿದ್ದು, ಮಿಕ್ಕವನ್ನು ಮೇಲೆ ಹೇಳಿದ ದ್ರವ ಹಚ್ಚಿ ನಿಲ್ಲಿಸಬಹುದಾದರೆ ಒಂದು ವರ್ಷ ಸಮಯ ಸಿಗುತ್ತದೆ. ಮೂರೂವರೆಗೆ ಕಿರುಚುವ ಮಗು ನಾಲ್ಕೂವರೆಗೆ ಕನ್ನಡಿ ಹಿಡಿದುಕೊಂಡು ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೆ ಏನೂ ಮಾಡದೆ ಸುಮ್ನೆ ಕುರ್ಚಿ ಹತ್ತಿಸಿ ಇಳಿಸುವ ಎರಡು ಮೂರು ಭೇಟಿ ಬೇಕು.

ಹೆಚ್ಚಿನ ಹಲ್ಲುಗಳು ಆಳವಾಗಿ ಕೆಟ್ಟಿವೆ, ಮಗು ನೋವಿನಿಂದ ತಿನ್ನುತ್ತಿಲ್ಲ ಎಂದಾದರೆ ಅರಿವಳಿಕೆಯೇ ಸರಿಯಾದ ದಾರಿ. ಅದಕ್ಕೆ ಖರ್ಚಾಗುವ ದುಡ್ಡು ದಂಡವಲ್ಲ. ಆದರೆ ಹಲ್ಲಿನ ಕೆಲಸ ಮಾಡುವವರೇ ಅರಿವಳಿಕೆಯನ್ನೂ ನೋಡಿಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಮಕ್ಕಳಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವ ವೈದ್ಯರೊಬ್ಬರು ಪೂರ್ತಿ ಸಮಯ ಮಗುವಿನ ಉಸಿರು, ನಾಡಿ ನೋಡುತ್ತ ನಿಂತಿರಬೇಕು. ತೊಂದರೆಯಾದರೆ ನಿಭಾಯಿಸುವ ವ್ಯವಸ್ಥೆ ಅದೇ ಕಟ್ಟಡದಲ್ಲಿರಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಇದು ನಡೆಯುತ್ತದೆ. ಅಲ್ಲಿ ಎಷ್ಟು ಕಾಯಬೇಕು ಎಂದು ವಿಚಾರಿಸಿದ ಮೇಲೆಯೇ ಖಾಸಗಿಗೆ ಒಪ್ಪಿ. ಎಷ್ಟು ಹೊತ್ತಿನಿಂದ ಏನೂ ಕೊಡಬಾರದು ಎಂದು ಅವರು ಹೇಳಿದ್ದನ್ನು ಅಕ್ಷರಶಃ ಪಾಲಿಸಿ. ಮಗು ಅತ್ತಿತೆಂದು ಒಂದು ಗುಟುಕು ಹಾಲನ್ನೂ ಕೊಡಬೇಡಿ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ಕೇಳುತ್ತೇನೆ. ಅವನು ರಾತ್ರಿ ಬಾಟಲಿ ಕಚ್ಚಿಕೊಂಡು ಮಲಗುತ್ತಾನಾ? ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿನ ಮೇಲೆಯೇ ನಿಲ್ಲುತ್ತದೆ. ಮೇಲಿನ ಮುಂದಿನ ಹಲ್ಲುಗಳು ಕರಗಿ, ಕೆಳಗಿನವು ಚೆನ್ನಾಗಿದ್ದರೆ ನಾನು ಮೊದಲು ಬಾಟಲಿಯನ್ನೇ ಅನುಮಾನಿಸುತ್ತೇನೆ, ಯಾಕೆಂದರೆ ಕೆಳಗಿನವಕ್ಕೆ ನಾಲಿಗೆ ಅಡ್ಡ ಇರುತ್ತದೆ. ಇದು ನಿಲ್ಲದೆ ಹನ್ನೊಂದು ಹಲ್ಲನ್ನು ಸರಿಮಾಡಿಸಿದರೆ ಮತ್ತೆ ಹುಳುಕು ಬರುತ್ತದೆ, ದುಡ್ಡೂ ಮಗುವಿನ ಕಷ್ಟವೂ ವ್ಯರ್ಥ. ಒಂದೇ ರಾತ್ರಿಗೆ ಕಿತ್ತುಕೊಳ್ಳಬೇಡಿ. ದಿನವೂ ಹಾಲಿಗೆ ಸ್ವಲ್ಪ ಸ್ವಲ್ಪ ನೀರು ಹೆಚ್ಚಿಸುತ್ತ ಹೋಗಿ, ಎರಡು ವಾರದಲ್ಲಿ ಬಾಟಲಿಯಲ್ಲಿ ಬರೀ ನೀರು ಇರಲಿ.

ಪ್ರಶ್ನೆ: ಮಗಳಿಗೆ ಒಂದೂವರೆ ವರ್ಷ, ಹಲ್ಲಿನ ತೊಂದರೆ ಏನೂ ಇಲ್ಲ. ಖಾಸಗಿ ಕ್ಲಿನಿಕ್ ಒಂದು ವರ್ಷದ ಪ್ಯಾಕೇಜ್ ತೆಗೆದುಕೊಳ್ಳಿ ಎನ್ನುತ್ತಿದೆ. ಬೇಕಾ?
— ಹೊಸ ತಂದೆ

ಉತ್ತರ: ಪ್ಯಾಕೇಜ್ ಬೇಡ. ಒಂದು ಸಲ ತೋರಿಸುವುದು ಬೇಕು. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಂದು ಭೇಟಿ ಎಂಬುದು ಮಕ್ಕಳ ದಂತವೈದ್ಯರ ಸಲಹೆ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಆದರೂ ಸರಿ, ಇಲ್ಲಿ ಅವಸರವೇನೂ ಇಲ್ಲ. 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್ ತನ್ನಿ. ಈ ಸಂಖ್ಯೆ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಇರುತ್ತದೆ. ಮೂರು ವರ್ಷದವರೆಗೆ ಒಂದು ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ದಿನಕ್ಕೆ ಎರಡು ಸಲ, ನೀವೇ ಉಜ್ಜಬೇಕು. ಏಳೆಂಟು ವರ್ಷದವರೆಗೂ ಆ ಕೆಲಸ ನಿಮ್ಮದೇ.

ತಿಂಗಳಿಗೊಮ್ಮೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೇಲಿನ ತುಟಿ ಎತ್ತಿ, ವಸಡಿನ ಅಂಚಿಗೆ ಸೀಮೆಸುಣ್ಣದ ಬಣ್ಣದ ಗೆರೆ ಇದೆಯಾ ನೋಡಿ. ಹುಳುಕು ಕಣ್ಣಿಗೆ ಕಾಣಿಸಿಕೊಳ್ಳುವುದು ಮೊದಲು ಹೀಗೆ. ಆ ಹೊತ್ತಿನಲ್ಲಿ ಹಿಡಿದರೆ ಕೊರೆಯದೆಯೇ ಹಿಂದಕ್ಕೆ ತಿರುಗಿಸಬಹುದು. ಗೆರೆ ಕಂಡ ವಾರದೊಳಗೆ ಫ್ಲೋರೈಡ್ ವಾರ್ನಿಷ್ ಹಚ್ಚಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಆ ವಾರ ಆಗದಿದ್ದರೆ ಅದೊಂದಕ್ಕೆ ಖಾಸಗಿಯಲ್ಲಿ ದುಡ್ಡು ಕೊಡಿ.